ಹುರಮಂಜದ ಹೆಬ್ಬೆಟ್ಟು

ಬಸ್ಸು ಭೀಮಾ ನದಿಯ ಸೇತುವೆ ಮೇಲೆ ಕೆಟ್ಟು ನಿಲ್ಲಬಹುದಿತ್ತು. ನಾವು ಯಾದಗಿರಿ ಕೋರ್ಟು ಮುಟ್ಟುವುದರೊಳಗೆ ನಮ್ಮ ಹೆಸರು ಕೂಗಿ, ಮುಗಿಸಿ, ಬೇರೆಯವರ ಹೆಸರು ಕೂಗುತ್ತಿರಬಹುದಿತ್ತು. ವಕೀಲರಿಗೆ ಅದೇ ದಿನ ಜ್ವರ ಬರಬಹುದಿತ್ತು. ಜಡ್ಜ್ ಸಾಹೇಬರಿಗೆ ವರ್ಗ ಆಗಿ, ಹೊಸಬರು ಬಂದು, ಮೊದಲಿನಿಂದ ಹೇಳ್ರಿ ಅನ್ನಬಹುದಿತ್ತು. ವಸಿಯತ್ತಿನ, ಅಂದರೆ ಉಯಿಲಿನ, ಕಾಗದವನ್ನು ಇಲಿ ಕಡಿಯಬಹುದಿತ್ತು. ಇಲಿ ಬಿಟ್ಟರೆ ಗೆದ್ದಲು. ಗೆದ್ದಲೂ ಬಿಟ್ಟರೆ ನಾನೇ ಅದನ್ನು ಹಳೇ ಪೇಪರಿನ ಜೊತೆ ರದ್ದಿಗೆ ಹಾಕಬಹುದಿತ್ತು. ಸಾಕ್ಷಿ ಹೇಳಬೇಕಾದ ಸಾಬಣ್ಣ ಕಾಕಾ ಕುರಿ ಹೊಡಕೊಂಡು ತೆಲಂಗಾಣ ಸೇರಬಹುದಿತ್ತು. ಬಂದರೂ ಕಟಕಟೆಯಲ್ಲಿ ನಿಂತು "ನನಗ ನೆಪ್ಪಿಲ್ರಿ" ಅನ್ನಬಹುದಿತ್ತು. ನೆನಪಿದ್ದರೆ ಇನ್ನೂ ಕಷ್ಟ, ನಡೆದದ್ದಕ್ಕಿಂತ ಹೆಚ್ಚು ಹೇಳಬಹುದಿತ್ತು. ನಾನು ಪ್ರಮಾಣ ಮಾಡುವಾಗ ಸರಿಯಾಗಿ ಸತ್ಯವೆಂಬ ಮಾತಿಗೆ ಸೀನು ಬರಬಹುದಿತ್ತು.

ಇವೆಲ್ಲ ನನ್ನ ಪಟ್ಟಿಯಲ್ಲಿದ್ದವು. ಆಫೀಸಿನ ಹಳೇ ಲಕೋಟೆಯೊಂದರ ಹಿಂಬದಿಗೆ ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದೆ, ಒಟ್ಟು ಇಪ್ಪತ್ತೇಳು. ಸುರಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವವಳು ನಾನು. ಬರುವ ಕಾಗದಕ್ಕೆಲ್ಲ ನಂಬರು ಹಾಕಿ ಹಾಕಿ, ಬರಬಹುದಾದ ಸಂಕಟಗಳಿಗೂ ನಂಬರು ಹಾಕುವ ಚಟ ಹತ್ತಿದೆ. ಅಪ್ಪ ಅಮ್ಮ ಇಟ್ಟ ಹೆಸರು ಶಾಂತಾ. ಅವರೂ ಎಲ್ಲರ ಹಾಗೆ ಮನುಷ್ಯರೇ, ತಪ್ಪು ಆಗುತ್ತದೆ.

ಹೋದ ವಾರ ಶಹಾಪುರದಿಂದ ಮನೆಗೆ ಬರುವಾಗ ಕುರಿ ಹಿಂಡೊಂದು ಅಡ್ಡ ಬಂದು ಬಸ್ಸು ನಿಂತಿತು. ಡ್ರೈವರು ಹಾರ್ನ್ ಹೊಡೆದ. ಕುರಿಗಳು ಅದನ್ನು ತಮಗೆ ಸಂಬಂಧಿಸದ ವಿಷಯ ಎಂಬಂತೆ ಬಿಟ್ಟವು. ಆಗತಾನೆ ಉಣ್ಣೆ ಕತ್ತರಿಸಿದ ಮೈ, ಬೆನ್ನ ಮೇಲೆ ಹಸಿ ಕೆಂಪು ಗೀಟು. ಕಿಟಕಿಯಿಂದ ಹುರಮಂಜದ ವಾಸನೆ ಒಳಗೆ ಬಂತು. ಹುರಮಂಜ ಅಂದರೆ ಕೆಮ್ಮಣ್ಣಿನ ಬಣ್ಣ. ಮಳೆಗೆ ತೊಳೆದು ಹೋಗದಿರಲಿ ಅಂತ ನಮ್ಮ ಕಡೆ ಔಡಲೆಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಕಲಸುತ್ತಾರೆ. ಮಣ್ಣು, ಎಣ್ಣೆ, ಕುರಿ ಮೂರೂ ಕೂಡಿದ ಆ ವಾಸನೆಗೆ ಪಕ್ಕದ ಸೀಟಿನ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿ ಇನ್ನಷ್ಟು ತೆರೆದೆ. ಜೂನಿನ ಮಿರಗದ ಮಳೆಗೆ ಸುರುವಾಗಿ ಯುಗಾದಿಗೆ ಮುಗಿದ ಆ ಒಂಬತ್ತು ತಿಂಗಳು, ಪೂರ್ತಿ, ಬಸ್ಸಿನೊಳಗೆ ಹತ್ತಿ ಕುಂತವು.

ಸಗರದಲ್ಲಿ ನನ್ನ ಅಪ್ಪನ ತಂಗಿ ಬೀರವ್ವ ಇದ್ದಳು, ನಮಗೆ ಬೀರತ್ತಿ. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಗಂಡನ ಮನೆ, ಮನೆಯ ಹಿಂದೆ ಮುಳ್ಳುಬೇಲಿಯ ಕುರಿದೊಡ್ಡಿ, ಅರವತ್ತು ಎಪ್ಪತ್ತು ಕುರಿ. ಒಂದು ವರ್ಷ ಉಣ್ಣೆ ನೂಲಲು ಕಡೇಚೂರು ಕಡೆಯಿಂದ ನಿಂಗವ್ವ ಎಂಬಾಕೆ ಬಂದಳು, ಹದಿನೈದು ದಿನಕ್ಕೆ ಅಂತ. ಇಪ್ಪತ್ತೆರಡು ವರ್ಷ ಉಳಿದಳು. ರಕ್ತಸಂಬಂಧವಿಲ್ಲ, ಬೀಗತನವಿಲ್ಲ. ಒಂದೇ ಒಲೆ, ಒಂದೇ ಕಂಬಳಿ, ದಿನಕ್ಕೆ ನಾಲ್ಕು ಜಗಳ. ನಾನು ಅವಳನ್ನು ಚಿಗವ್ವ ಅನ್ನುತ್ತಿದ್ದೆ.

ಬೀರತ್ತಿ ಹೋಗುವುದಕ್ಕೆ ಎರಡು ವರ್ಷ ಮೊದಲು ನನ್ನ ಕೈಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಾಗದ ಕೊಟ್ಟಿದ್ದಳು.

"ಏನಿದು ಅತ್ತಿ?"

"ವಸಿಯತ್ತು. ಮನಿ, ದೊಡ್ಡಿ ನಿಂಗಿಗಿ ಅಂತ ಬರಸೀನಿ. ಮುಂದ ನಡಿಸಿಕೊಡಾಕ ನಿನ್ನ ಹೆಸರ ಹಾಕೀನಿ."

"ನನ್ನ ಯಾಕ ಹಾಕ್ದಿ? ನನಗ ಕೋರ್ಟ್ ಅಂದ್ರ ಕೈಕಾಲು ತಣ್ಣಗಾಗ್ತಾವ."

"ಅದಕ್ಕ ಹಾಕೀನಿ. ಧೈರ್ಯ ಇದ್ದಾವ್ರ ಕೈಯಾಗ ಕೊಟ್ರ ಎಲ್ಲರೆ ಒಗದು ಮರೀತಾರ. ನೀ ಅಂಜುಬುರುಕಿ, ಜ್ವಾಕಿ ಇಡ್ತಿ. ಏನೂ ಕಳಿಯಾಕಿ ಅಲ್ಲ ನೀ."

ನನ್ನ ಅಂಜಿಕೆಯನ್ನು ಯಾರಾದರೂ ಗುಣ ಅಂತ ಲೆಕ್ಕ ಹಿಡಿದದ್ದು ಅದೇ ಮೊದಲು. ಕಾಗದವನ್ನು ಟ್ರಂಕಿನ ತಳದಲ್ಲಿಟ್ಟು, ತಿಂಗಳಿಗೊಮ್ಮೆ ತೆಗೆದು ನೋಡಿ, ಇದ್ದದ್ದು ಇದೆ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಮಿರಗದ ಮಳೆ ಹಿಡಿದ ವಾರ ಬೀರತ್ತಿ ಹೋದಳು. ದಿನಕರ್ಮ ಮುಗಿದ ಮರುದಿನವೇ ಮಾಳಪ್ಪ ಮನೆಗೆ ಬೀಗ ಹಾಕಿದ. ಅವನು ಬೀರತ್ತಿಯ ಮೈದುನನ ಮಗ, ಅದೇ ಓಣಿಯವನು. ಕೆಟ್ಟವನಲ್ಲ. ಅವನಿಗೂ ಕುರಿಗಳಿದ್ದವು, ಅವನ ದೊಡ್ಡಿ ಸಣ್ಣದು, ದೊಡ್ಡವ್ವನ ಜಾಗ ತನಗೇ ಬರುವುದು ಅಂತ ಸಣ್ಣಂದಿನಿಂದ ನಂಬಿ ಬೆಳೆದಿದ್ದ. ನಾನು ವಸಿಯತ್ತು ತೋರಿಸಿದರೆ, "ಅಕ್ಕಾ, ಇಂಥಾ ಕಾಗದ ಯಾರರೆ ಬರೀತಾರ. ಕೋರ್ಟಿನಾಗ ಖರೇ ಮಾಡಿಸ್ಕೊಂಬಾ, ನಾ ಬಾಯಿ ಮುಚ್ಚತೀನಿ" ಅಂದ. ಊರಿನ ಹಿರಿಯರು ಕೂತು ಕೋರ್ಟು ಹೇಳುವವರೆಗೆ ಮನೆ ಯಾರಿಗೂ ಬೇಡ, ಕೀಲಿ ಶಾಂತವ್ವನ ಹತ್ತಿರ ಇರಲಿ ಅಂದರು. ನಿಂಗವ್ವ ಒಂದು ಗಂಟು, ಒಂದು ಕಂಬಳಿ ತಗೊಂಡು ಪಕ್ಕದ ಮನೆಯ ಪಡಸಾಲೆಗೆ ಹೋದಳು. ಅಲ್ಲಿ ಕೂತರೆ ಕಾಣುವುದು ತಾನು ಇಪ್ಪತ್ತೆರಡು ವರ್ಷ ಸಾರಿಸಿದ ಹೊಸ್ತಿಲು. ಕೇಸು ಸೋತರೆ ಅವಳಿಗೆ ಇದ್ದ ದಾರಿ ಒಂದೇ: ಅಣ್ಣನ ಮಗ ಕಡೇಚೂರಿನ ಫ್ಯಾಕ್ಟರಿಗಳ ಹತ್ತಿರ ತಗಡಿನ ಶೆಡ್ಡಿನಲ್ಲಿದ್ದ, ಕೂಲಿಯವರಿಗೆ ರೊಟ್ಟಿ ಬಡಿದು ಹಾಕಿದರೆ ಒಂದು ಮೂಲೆ ಕೊಡುತ್ತೇನೆ ಅಂದಿದ್ದ. ಅರವತ್ತೈದು ದಾಟಿದ ಕೈಗಳು, ದಿನಕ್ಕೆ ನೂರು ರೊಟ್ಟಿ.

ಕೀಲಿ ನನ್ನ ಕೈಗೆ ಬಂದ ದಿನದಿಂದ ನನ್ನ ನಿದ್ದೆ ಹೋಯಿತು. ಮೊದಲು ದೇವರ ಜಗುಲಿಯ ಹಿಂದೆ ಇಟ್ಟೆ. ಊದಿನಕಡ್ಡಿಯ ಬಿಸಿಗೆ ಏನಾದರೂ ಆದರೆ ಅಂತ ಜೋಳದ ಡಬ್ಬಿಗೆ ಹಾಕಿದೆ. ಗಿರಣಿಗೆ ಹೋಗಿಬಿಟ್ಟರೆ ಅಂತ ಆಫೀಸಿನ ಡ್ರಾಯರಿಗೆ ತಂದೆ. ಕಬ್ಬಿಣಕ್ಕೆ ಬಿಸಿ ಏನು ಮಾಡುತ್ತದೆ ಅಂತ ನನ್ನ ಗಂಡ ಕೇಳಿದರು.

ಶ್ರಾವಣದಲ್ಲಿ ಯಾದಗಿರಿಗೆ ಹೋದೆ. ವಕೀಲ್ ಸಾಹೇಬರು ವಯಸ್ಸಾದವರು, ಕನ್ನಡಕ ಹಣೆಗೆ ಏರಿಸಿ ಕಾಗದವನ್ನು ಬೆಳಕಿಗೆ ಹಿಡಿದರು. ಕೆಳಗೆ ಎರಡು ಹೆಬ್ಬೆಟ್ಟು, ಎರಡೂ ಇಟ್ಟಂಗಿ ಕೆಂಪು ಬಣ್ಣ. ಸುತ್ತ ಎಣ್ಣೆ ಹರಡಿ ಕಾಗದ ಆರಪಾರು ಕಾಣುತ್ತಿತ್ತು.

"ಅಕ್ಕಾರ, ಇದು ವಸಿಯತ್ತೋ, ಭಜಿ ಕಟ್ಟಿಕೊಟ್ಟ ಹಾಳಿಯೋ?"

"ನಡಿಯಂಗಿಲ್ಲೇನ್ರಿ?"

"ಹೆಬ್ಬೆಟ್ಟಿಗಿ ಬಣ್ಣ ಇಂಥಾದ್ದೇ ಇರಬೇಕಂತ ಕಾನೂನಿಲ್ಲ ಬಿಡ್ರಿ. ಆದ್ರ ಇದು ಬೀರವ್ವಂದೇ ಅಂತ ಹೇಳಾಕ ಎದುರಿಗಿದ್ದ ಸಾಕ್ಷಿ ಬೇಕು. ಇಬ್ಬರು ಅದಾರಲ್ಲ?"

ಇಬ್ಬರಲ್ಲಿ ಒಬ್ಬರು ಕಾಗದ ಬರೆದ ಮಾಸ್ತರರು. ಅವರು ಪೆನ್ನಿನಲ್ಲಿ ಚಂದವಾಗಿ ಸಹಿ ಮಾಡಿ, ಬೀರತ್ತಿಗಿಂತ ಮೊದಲೇ ತೀರಿಕೊಂಡಿದ್ದರು. ಇನ್ನೊಬ್ಬ ಸಾಬಣ್ಣ ಕಾಕಾ, ಬೀರತ್ತಿಯ ಜೊತೆ ಹಿಂಡು ಕೂಡಿಸಿ ಮೇಯಿಸುತ್ತಿದ್ದ ಕುರಿಗಾರ. ಆಕೆ ಹೋದಮೇಲೆ ಆಕೆಯ ಕುರಿಗಳೂ ಅವನ ಹಿಂಡಿನಲ್ಲೇ ಇದ್ದವು. ಅವನಿಗೆ ಪತ್ತೆ ಅಂತ ಒಂದಿಲ್ಲ. ಅವನ ವಿಳಾಸ ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಕೊಯ್ದಿದ್ದಾರೆ ಅನ್ನುವುದು.

ಅರ್ಜಿ ಹಾಕಿದೆವು. ಬರೆದವರು ಹೋದಮೇಲೆ ವಸಿಯತ್ತು ಖರೇ ಅಂತ ಕೋರ್ಟಿನ ಮುದ್ರೆ ಒತ್ತಿಸಿಕೊಳ್ಳುವುದಕ್ಕೆ ಪ್ರೊಬೇಟ್ ಅನ್ನುತ್ತಾರೆ. ಆ ಪದ ಬಾಯಿಗೆ ಕೂರಲು ನನಗೆ ಎರಡು ತಾರೀಖು ಬೇಕಾಯಿತು. ಪೇಪರಿನಲ್ಲಿ ಪ್ರಕಟಣೆ ಬಂತು. ದಸರೆಗೆ ಮಾಳಪ್ಪ ತಕರಾರು ಹಾಕಿದ. ಅಂದಿನಿಂದ ಒಂದು ತಮಾಷೆ ನಡೆಯಿತು. ಶಹಾಪುರ ಸ್ಟ್ಯಾಂಡಿನಿಂದ ಯಾದಗಿರಿಗೆ ನಾನು ಹತ್ತುವ ಬಸ್ಸಿಗೇ ಅವನೂ ಹತ್ತುತ್ತಿದ್ದ, ಯಾಕೆಂದರೆ ಕೋರ್ಟಿನ ಹೊತ್ತಿಗೆ ಕೂಡುವ ಬಸ್ಸು ಅದೊಂದೇ. ಮೊದಲ ಸಲ ಮುಖ ತಿರುಗಿಸಿ ಕೂತೆವು. ಎರಡನೇ ಸಲ ಸೀಟಿಲ್ಲದೆ ನಿಂತಿದ್ದೆ, ಅವನು ಎದ್ದು ಜಾಗ ಕೊಟ್ಟ. ಮೂರನೇ ಸಲ ನಾನು ಕಟ್ಟಿಕೊಂಡು ಹೋದ ರೊಟ್ಟಿ ಮುಂದೆ ಚಾಚಿದೆ. "ಬ್ಯಾಡಕ್ಕ, ಕೇಸ್ ನಡದೈತಿ" ಅಂದ. ಭೀಮಾ ಸೇತುವೆ ದಾಟುವುದರೊಳಗೆ ತಿಂದ.

ಎಳ್ಳಮಾವಾಸ್ಯೆಗೆ ಹತ್ತು ದಿನ ಇದ್ದಾಗ ಸಾಕ್ಷಿಗೆ ತಾರೀಖು ಬಿತ್ತು. ನಾನು, ನಿಂಗವ್ವ ಸಾಬಣ್ಣ ಕಾಕಾನನ್ನು ಹುಡುಕಲು ಹೊರಟೆವು. ಚಳಿ ಹಲ್ಲು ಕಡಿಯುತ್ತಿತ್ತು. ಕಾಲುವೆ ನೀರಿನ ಕಡೆ ಭತ್ತ ಕೊಯ್ದು ಮುಗಿದಿತ್ತು, ಹೊಲದ ತುಂಬ ಬರೀ ಕೂಳೆ. ಟಂಟಂ ಹತ್ತಿ ಇಳಿದು, ಸಿಕ್ಕ ಸಿಕ್ಕ ಕುರಿಗಾರರನ್ನು ಕೇಳುತ್ತ ಹೋದೆವು. ಮೊದಲ ಹಿಂಡಿನ ಬೆನ್ನಿಗೆ ನೀಲಿ ಬೊಟ್ಟು, ಎರಡನೆಯದಕ್ಕೆ ಕೊರಳಲ್ಲಿ ಹಸಿರು. ಮೂರನೆಯ ಹಿಂಡು ಇನ್ನೂ ಕಣ್ಣಳತೆಯಲ್ಲಿ ಧೂಳಿನ ಹಾಗೆ ಕಾಣುವಾಗಲೇ ನಿಂಗವ್ವ ನಿಂತಳು.

"ನಮ್ಮ ಕುರಿ ಅವ."

ಹತ್ತಿರ ಹೋದರೆ ಹೌದು. ಹಿಂಬದಿಗೆ ಎರಡು ಕೆಂಪು ಗೀಟು. ಅವಳು ಒಂದು ಕುರಿಯ ಕಿವಿ ಹಿಡಿದು "ಸೊರಗೀಯಲ್ಲಬೇ" ಅಂದಳು, ಮಗಳನ್ನು ಗಂಡನ ಮನೆಯಲ್ಲಿ ನೋಡಲು ಹೋದವಳ ಧಾಟಿಯಲ್ಲಿ.

ಸಾಬಣ್ಣ ಕಾಕಾ ಕೋಲಿನ ಮೇಲೆ ಗಲ್ಲ ಊರಿ ನನ್ನ ಮಾತು ಪೂರ್ತಿ ಕೇಳಿದ. ಆಮೇಲೆ ತಲೆ ಅಲ್ಲಾಡಿಸಿದ. "ಆಗಂಗಿಲ್ಲ ತಂಗಿ. ಈ ರೈತಗ ಐದು ರಾತ್ರಿ ಹಿಂಡು ಕೂಡಸ್ತೀನಿ ಅಂತ ಮಾತು ಕೊಟ್ಟೀನಿ, ಗೊಬ್ಬರಕ್ಕ. ಬಿಟ್ಟು ಬಂದ್ರ ಮುಂದಿನ ವರ್ಷ ಯಾರ ಕರೀತಾರ ನನ್ನ? ನನ್ನ ಮಗಾ ಮರಿಗಳ ತಗೊಂಡು ಮುಂದ ಹೋಗ್ಯಾನ. ಕೋರ್ಟಿನಾವ್ರಿಗಿ ಹೇಳು, ಅಮಾಸಿ ಆದ ಮ್ಯಾಲ ಬರ್ತಾನ ಅಂತ."

"ಕಾಕಾ, ಕೋರ್ಟು ಅಮಾಸಿ ನೋಡಂಗಿಲ್ಲ."

"ಕುರಿ ತಾರೀಖು ನೋಡಂಗಿಲ್ಲವಾ."

ಪಟ್ಟಿಯ ಹನ್ನೊಂದನೇ ನಂಬರು ಕಣ್ಣೆದುರಿಗೇ ನಿಜವಾಗುತ್ತಿತ್ತು. ಆಗ ನಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಕೈಯಿಂದ ಕೋಲು ಕಸಿದುಕೊಂಡಳು.

"ಹೋಗಿ ಬಾ. ನಾ ನೋಡ್ಕೋತೀನಿ."

"ನೀ? ಇಷ್ಟೂ?"

"ಮತ್ತ ಇವನ್ನ ಸಾಕಿದಾವ್ರು ಯಾರಲೇ? ನೀ ಹಾದಿ ತೋರಿಸಿದಿ, ನಾ ಹೆರಿಗಿ ಬ್ಯಾನಿ ತೆಗದೀನಿ. ಹೋಗು, ಮಾರಿ ತೊಳಕೊಂಡು ಹೋಗು, ಸಾಹೇಬ್ರು ಅಂಜ್ಯಾರು."

ಹೀಗಾಗಿ, ತನ್ನ ಮನೆಯ ಕೇಸು ನಡೆದ ದಿನ ನಿಂಗವ್ವ ಕೋರ್ಟಿನಲ್ಲಿರಲಿಲ್ಲ. ಸಾಕ್ಷಿಯ ಕುರಿ ಕಾಯುತ್ತಿದ್ದಳು.

ಸಾಬಣ್ಣ ಕಾಕಾ ಕಂಬಳಿ ಹೊದ್ದುಕೊಂಡೇ ಬಂದ. ಒಳಗೆ ಕಂಬಳಿ ಬೇಡ ಅಂತ ಯಾರಾದರೂ ತಡೆದಾರು ಅಂತ ನಾನು ಹೆದರಿದ್ದೆ, ಯಾರೂ ತಡೆಯಲಿಲ್ಲ. ಕೋರ್ಟಿನ ಜಗುಲಿಯಲ್ಲಿ ಮಧ್ಯಾಹ್ನದವರೆಗೆ ಕೂತೆವು. ಮಾಳಪ್ಪ ಎದುರಿನ ಬೇವಿನ ಗಿಡದ ಕೆಳಗೆ ನಿಂತಿದ್ದ. ಕಾಕಾ ಅವನನ್ನು ಕಂಡು ಕೂಗಿದ, "ಏ ಮಾಳ್ಯಾ, ನಿನ್ನ ಟಗರಿನ ಕಾಲು ಆರಾಮಾತೇನೋ?" ಎದುರಿ ಪಾರ್ಟಿ ಜೊತೆ ಮಾತಾಡಬೇಡ ಅಂತ ನಾನು ಕಂಬಳಿ ಜಗ್ಗಿದೆ. "ಟಗರಿಗಿ ಯಾವ ಪಾರ್ಟಿನವಾ?" ಅಂದ.

ಹೆಸರು ಕೂಗಿದರು. ನಮ್ಮ ವಕೀಲರು ಕೇಳಬೇಕಾದ್ದು ಕೇಳಿದರು. ಆಮೇಲೆ ಮಾಳಪ್ಪನ ವಕೀಲರು ಎದ್ದರು. ಹುಡುಗ ವಯಸ್ಸು, ಚುರುಕು.

"ನಿಮಗ ಓದು ಬರಹ ಬರ್ತದೇನು?"

"ಇಲ್ರಿ."

"ಮತ್ತ ಇದು ಅದೇ ಕಾಗದ ಅಂತ ಹೆಂಗ ಹೇಳ್ತೀರಿ?"

ಕಾಕಾ ಕಾಗದವನ್ನು ಎರಡೂ ಕೈಯಲ್ಲಿ ಇಸಕೊಂಡ. ನೋಡಲಿಲ್ಲ. ಮೂಗಿಗೆ ಹಿಡಿದ. ಪಟ್ಟಿಯ ಇಪ್ಪತ್ತೇಳರಲ್ಲಿ ಸಾಕ್ಷಿ ಕಾಗದ ಮೂಸಿ ನೋಡುವುದು ಇರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

"ಔಡಲೆಣ್ಣಿ," ಅಂದ. "ಅವತ್ತ ಉಣ್ಣಿ ಕತ್ರಿಸಿದ್ದೀವ್ರಿ ಸಾಹೇಬ್ರ. ಕತ್ರಿಸಿ ಹುರಮಂಜ ಬಡೀತಿದ್ದಿವಿ. ಮಾಸ್ತರು ಕಾಗದ ಬರದು, ಎರಡು ಸಲ ಓದಿ ಹೇಳಿದ್ರು. ಮನಿ ನಿಂಗವ್ವಗ ಅಂತ. ಬೀರವ್ವ ಹೂಂ ಅಂದ್ಳು. ಹೆಬ್ಬೆಟ್ಟು ಒತ್ತಾಕ ಹೋದ್ರ ಮಾಸ್ತರ ಮಸಿ ಡಬ್ಬಿ ಒಣಗಿ ರೊಟ್ಟಿ ಆಗಿತ್ತು. ಶಹಾಪುರಕ್ಕ ಹೋಗಿ ತರ್ತೀನಿ ಅಂದ್ರು. ಬೀರವ್ವ ಬಿಡಲಿಲ್ಲ. ನಾಳಿಗಿ ನಾ ಇರ್ತೀನೋ ಇಲ್ಲೋ ಅಂತಂದು, ಬಣ್ಣದ ತಗಡಿನ ಬುಟ್ಟ್ಯಾಗ ಹೆಬ್ಬೆಟ್ಟ ಅದ್ದಿ ಒತ್ತಿದ್ಳು. ನನಗೂ ಒತ್ತಂದ್ಳು. ಎಪ್ಪತ್ತು ಕುರಿಗಿ ಬಡದೀವಿ, ನಮಗೊಂದೀಟು ಹತ್ತಿದ್ರ ಏನಾತು ಅಂದು ನಕ್ಕಳ್ರಿ."

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ಎದುರಿನ ವಕೀಲರು ಅಲ್ಲಿಗೆ ಕೂತಿದ್ದರೆ ಏನಾಗುತ್ತಿತ್ತೋ. ಅವರು ಕೂರಲಿಲ್ಲ.

"ಇದನ್ನೆಲ್ಲ ನೋಡಿದವರು ನಿಮ್ಮನ್ನ ಬಿಟ್ಟು ಈಗ ಬದುಕಿರೋರು ಯಾರರೆ ಅದಾರೇನು?"

"ಅದಾನಲ್ರಿ." ಕಾಕಾ ಗಲ್ಲದಿಂದಲೇ ತೋರಿಸಿದ. "ಮಾಳಪ್ಪ. ಬಣ್ಣ ಕಲಸಿದಾಂವ ಅವನ."

ಜಡ್ಜ್ ಸಾಹೇಬರು ತಲೆ ಎತ್ತಿದರು. ಮಾಳಪ್ಪ ಹಿಂದಿನ ಸಾಲಿನಲ್ಲಿ ಎದ್ದು ನಿಂತುಬಿಟ್ಟ, ಯಾರೂ ಎದ್ದೇಳು ಅಂದಿರಲಿಲ್ಲ. ಸಾಹೇಬರು ಹೌದೇನು ಅಂತ ಕೇಳಿದರು.

"ಹೌದ್ರಿ. ನಾನ ಕಲಸಿದ್ದೆ," ಅಂದ ನೆಲ ನೋಡುತ್ತ. "ಎಣ್ಣಿ ಹೆಚ್ಚಾಗಿತ್ರಿ."

ಅವನ ವಕೀಲರು ಮುಖ ಒರೆಸಿಕೊಂಡರು. ಹೊರಗೆ ಜಗುಲಿಗೆ ಬಂದಮೇಲೆ ಮಾಳಪ್ಪ ನನ್ನ ಹತ್ತಿರ ನಿಂತು, ಹೇಳಬೇಕೋ ಬೇಡವೋ ಅನ್ನುವಂತೆ ಹೇಳಿದ: "ಅಕ್ಕಾ, ಅವತ್ತ ನಾ ದೊಡ್ಡಿ ಆಚೀಕ ಇದ್ದೆ, ಮಾಸ್ತರು ಓದಿದ್ದು ಕೇಳಿಸಲಿಲ್ಲ, ಅದು ಕುರಿ ವಿಮಾದ ಕಾಗದ ಅಂತ ತಿಳಕೊಂಡಿದ್ದೆ. ನೀ ತೋರಿಸಿದಾಗೂ ಸೆಟಗೊಂಡು ಬರೋಬ್ಬರಿ ನೋಡಲಿಲ್ಲ. ಖರೇನ ಗೊತ್ತಿರಲಿಲ್ಲ." ನಂಬಿದೆ. ಬಸ್ಸಿನಲ್ಲಿ ರೊಟ್ಟಿ ತಿಂದವನ ಮುಖ ನನಗೆ ಗೊತ್ತಿತ್ತು. ಮುಂದಿನ ತಾರೀಖಿಗೆ ಅವನು ತಕರಾರು ವಾಪಸ್ ತಗೊಂಡ.

ಕಾಕಾನನ್ನು ಹಿಂಡಿಗೆ ಮುಟ್ಟಿಸಲು ಹೋದಾಗ ನಿಂಗವ್ವ ಕೇಸು ಏನಾಯಿತು ಅಂತ ಕೇಳಲೇ ಇಲ್ಲ. "ಒಂದು ಈದೈತಿ, ಹೆಣ್ಣು ಮರಿ" ಅಂದಳು. ಅವಳ ಸೀರೆಯ ಮಡಿಲು ಒದ್ದೆಯಾಗಿತ್ತು. ಕಾಕಾ ಮರಿಯನ್ನು ತಿರುಗಿಸಿ ನೋಡಿ ಕೋಲು ವಾಪಸ್ ಇಸಕೊಂಡ. ಆಮೇಲೆ ನಾನು ಎಲ್ಲ ಹೇಳಿದೆ. ಬೀರತ್ತಿ ಹೆಬ್ಬೆಟ್ಟು ಅದ್ದಿದ್ದು, ನಕ್ಕಿದ್ದು. ಅವಳು ಮರಿಯ ಮೈ ಒರೆಸುತ್ತಲೇ ಇದ್ದಳು. "ಅವತ್ತ ನನ್ನ ಉಪ್ಪು ತರಾಕ ಕಳಿಸಿದ್ಳು ಬೇಕಂತ್ಲೆ. ಮನ್ಯಾಗ ಉಪ್ಪಿತ್ತು" ಅಂದಳು.

ಯುಗಾದಿಗೆ ಎಂಟು ದಿನ ಇದ್ದಾಗ ಆರ್ಡರು ಕೈಗೆ ಬಂತು. ಸೇತುವೆ ಮೇಲೆ ಬಸ್ಸು ಕೆಡಲಿಲ್ಲ. ಇಲಿ, ಗೆದ್ದಲು, ಜ್ವರ, ವರ್ಗ, ಸೀನು ಒಂದೂ ಬರಲಿಲ್ಲ. ಮುದ್ರೆ ಬಿದ್ದ ಕಾಗದ ಹಿಡಿದು ಮರುದಿನವೇ ಸಗರಕ್ಕೆ ಹೋದೆ. ಬೇವು ಚಿಗುರಿತ್ತು. ನಿಂಗವ್ವ ತಲೆ ಎರೆದುಕೊಂಡು, ಗಂಟು ಕಂಕುಳಲ್ಲಿಟ್ಟುಕೊಂಡು, ಪಡಸಾಲೆಯಿಂದ ಇಳಿದು ಬಂದಳು. ಓಣಿಯ ಹೆಂಗಸರು ಕೂಡಿದರು. ಒಬ್ಬಳು ಆರತಿ ತಟ್ಟೆಯನ್ನೂ ತಂದಿದ್ದಳು.

ನಾನು ಚೀಲದಿಂದ ಕೀಲಿ ತೆಗೆದೆ. ಬೀಗಕ್ಕೆ ಹಾಕಿದೆ. ಹೋಗಲಿಲ್ಲ. ತಿರುಗಿಸಿ ಹಾಕಿದೆ. ಆಮೇಲೆ ಅದನ್ನು ಸರಿಯಾಗಿ ನೋಡಿದೆ: ಅದು ನಮ್ಮ ಆಫೀಸಿನ ಹಳೇ ಬೀರುವಿನ ಕೀಲಿ. ಚೀಲ ಸುರುವಿದೆ. ಪರ್ಸು ಸುರುವಿದೆ. ಒಂಬತ್ತು ತಿಂಗಳು ಹೊತ್ತಿದ್ದ ಕೀಲಿಯನ್ನು ಜಗುಲಿಯಿಂದ ಡಬ್ಬಿಗೆ, ಡಬ್ಬಿಯಿಂದ ಡ್ರಾಯರಿಗೆ, ಡ್ರಾಯರಿಂದ ಇನ್ನೂ ಭದ್ರವಾದ ಜಾಗಕ್ಕೆ ಸಾಗಿಸಿದ್ದು ನೆನಪಾಯಿತು. ಆ ಭದ್ರವಾದ ಜಾಗ ಯಾವುದು ಅನ್ನುವುದು ನೆನಪಾಗಲಿಲ್ಲ. ಆರತಿಯ ದೀಪ ಗಾಳಿಗೆ ಆರಿತು. ನಿಂಗವ್ವ ಆರ್ಡರು ಹಿಡಿದು ತನ್ನ ಮನೆಯ ಮುಂದೆ, ಹೊರಗೆ, ನಿಂತಿದ್ದಳು.

"ಈಚೀಕ ಸರಿ ಅಕ್ಕಾ," ಅಂತ ಹಿಂದಿನಿಂದ ಯಾರೋ ಅಂದರು. ಮಾಳಪ್ಪ. ಬಾಗಿಲಿನ ಎಡಗಡೆಯ ಕದಕ್ಕೆ ಹೆಗಲು ಕೊಟ್ಟ, ಮಂಡಿ ಬಗ್ಗಿಸಿದ, ಹ್ಞೂಂ ಅಂತ ಮೇಲಕ್ಕೆ ಎತ್ತಿದ. ಹಳೇ ಕಾಲದ ಕದ, ಕೆಳಗಿನ ಕಲ್ಲಿನ ಕುಳಿಯಿಂದ ಸಲೀಸಾಗಿ ಎದ್ದು ಬಂತು. ಇನ್ನೊಂದು ಕದವನ್ನು ಚೌಕಟ್ಟಿಗೆ ಬಿಗಿದ ಬೀಗ ಹಾಕಿದಂತೆಯೇ ಜೋತಾಡುತ್ತಿತ್ತು.

"ಸಣ್ಣಾವಿದ್ದಾಗ ದೊಡ್ಡವ್ವ ಹೊಲಕ್ಕ ಹೋದ್ಳಂದ್ರ ಹಿಂಗ ಎತ್ತಿ ಒಳಗ ಹೋಗಿ ಬೆಲ್ಲ ತಿಂತಿದ್ನಿ," ಅಂದ.

ನಾನು ಅವನ ಮುಖ ನೋಡಿದೆ. ಒಂಬತ್ತು ತಿಂಗಳು. ಎದುರುಗಡೆಯ ಮನೆ ಅವನದು.

"ಅಂದ್ರ ನೀ ಯಾವಾಗ ಬೇಕಂದ್ರ ಆವಾಗ ಒಳಗ..."

"ಕೀಲಿ ನಿನಗ ಕೊಟ್ಟಿದ್ರಲ್ಲಕ್ಕ," ಅಂದ, ಇದೇನು ಕೇಳುತ್ತೀ ಅನ್ನುವ ಹಾಗೆ.

ನಿಂಗವ್ವ ಆ ಸಂದಿನಲ್ಲಿ ಗಂಟು ಮೊದಲು ಒಳಗೆ ತಳ್ಳಿ, ಆಮೇಲೆ ತಾನು ಬಗ್ಗಿ ಹೋದಳು. ಒಳಗಿನಿಂದ ಧೂಳಿಗೆ ಕೆಮ್ಮಿದ್ದು ಕೇಳಿಸಿತು, ಆಮೇಲೆ ಕಸಬರಿಗೆ ಸಪ್ಪಳ. ಮಾಳಪ್ಪ ಕದ ಹೆಗಲ ಮೇಲೆ ಇಟ್ಟುಕೊಂಡೇ ನಿಂತಿದ್ದ. "ಚಿಗವ್ವ, ಲಗೂ ಹೇಳು, ಇದನ್ನ ಎಲ್ಲಿ ಇಡ್ಲಿ?"

"ಅಲ್ಲೇ ಹಿಡಕೊಂಡು ನಿಂದರು. ಕಸ ಹೊರಗ ಬರಬೇಕು," ಅಂತ ಒಳಗಿನಿಂದ ಧ್ವನಿ ಬಂತು.

ಸುರಪುರಕ್ಕೆ ಬಂದು ಮನೆ, ಆಫೀಸು, ಎರಡನ್ನೂ ತಲೆಕೆಳಗು ಮಾಡಿದೆ. ಪಟ್ಟಿ ಬರೆದ ಲಕೋಟೆ ಸಿಕ್ಕಿತು, ಒಂದರಿಂದ ಇಪ್ಪತ್ತೇಳರವರೆಗೆ ಬೆರಳಿಟ್ಟು ಓದಿದೆ. ಅದರಲ್ಲಿ ಕೀಲಿ ಕಳೆಯುವುದು ಇರಲಿಲ್ಲ.